ಇಪ್ಪತ್ತೆಂಟರ ಸೀಸೆ

ಕರಜಗಿ ಸೀಮೆ, ಅಫಜಲಪುರ ತಾಲೂಕು
ಎಳ್ಳಮಾಸೆಯ ಹಿಂದಿನ ದಿನ, ೧೯೪೮

ಗೌಸ ಚಾಚಾ ಅವರಿಗೆ, ಬಸವಂತರಾಯರ ಮಗಳು ಗೌರಾಬಾಯಿ ಮಾಡುವ ಶರಣು.

ನಿಮ್ಮ ಇಪ್ಪತ್ತೆಂಟನೆಯ ಇಸವಿಯ ಸೀಸೆಯ ಬಿರಡೆ ತೆಗೆದು, ಪಡಸಾಲೆಯ ಕಂಬದ ನೆರಳಲ್ಲಿ ಇಟ್ಟು, ಬರೆಯಲು ಕುಳಿತಿದ್ದೇನೆ. ಹಳೆಯ ವೈನಿಗೆ ಬಾಯಿ ತೆರೆದ ಮೇಲೆ ಗಾಳಿ ಆಡಲು ಒಂದಿಷ್ಟು ಹೊತ್ತು ಕೊಡಬೇಕು ಎಂದು ಹೇಳಿಕೊಟ್ಟವರು ನೀವು. ಆ ಹೊತ್ತು ಕಳೆಯುವವರೆಗೆ ಈ ಪತ್ರ. ಇದು ಮಾಗಿದೆಯೋ ಇಲ್ಲವೋ ಎಂದು ನೀವು ವರ್ಷಗಟ್ಟಲೆ ಕೇಳುತ್ತ ಬಂದಿರಲ್ಲ, ಅದಕ್ಕೆ ಉತ್ತರವನ್ನು ಕಡೆಗೆ ಬರೆಯುತ್ತೇನೆ.

ಅದಕ್ಕಿಂತ ಮೊದಲು ಹೇಳಬೇಕಾದದ್ದು ಬೇರೆ ಇದೆ. ನೆಲದೊಳಗಿನ ನಿಮ್ಮ ಹಗೇವಿನಲ್ಲಿ ಜೋಳದ ಚೀಲ ಯಾಕಿದ್ದವು ಎಂಬುದು. ನೀವು ಆ ಹಗೇವಿನೊಳಗೆ ಉಸಿರುಗಟ್ಟಿ ತೀರಿಹೋಗಿ ಮೂರು ತಿಂಗಳ ಮೇಲಾಯಿತು. ನಿಮ್ಮನ್ನು ಮೇಲಕ್ಕೆ ತೆಗೆದಾಗ ಬಲಗೈ ಮುಷ್ಟಿಯಲ್ಲಿ ಜೋಳ ಇತ್ತಂತೆ. ಅಂದರೆ ಅಲ್ಲಿ ಏನಿತ್ತು ಎಂದು ನಿಮಗೆ ತಿಳಿದಿತ್ತು. ಯಾಕಿತ್ತು ಎಂದು ತಿಳಿಯಲು ಪುರಸೊತ್ತು ಸಿಗಲಿಲ್ಲ. ಈ ಮನೆಯವರು ನನ್ನನ್ನು ನಂಬದೆ ಮುಚ್ಚಿಟ್ಟರು ಎಂದುಕೊಂಡು ಹೋದಿರೇನೋ ಎಂಬ ವಿಚಾರ ಬಂದರೆ ನನಗೆ ಕೈಯಲ್ಲಿನ ತುತ್ತು ಬಾಯಿಗೆ ಹೋಗುವುದಿಲ್ಲ. ಜನರ ಎದುರಿಗೆ ಮಾತಾಡಲು ನನಗೆ ಯಾವತ್ತೂ ಬಂದಿಲ್ಲ, ನಿಮಗೆ ಗೊತ್ತು. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದೆ, ಅದರಲ್ಲಿ ಬರೆಯುತ್ತೇನೆ.

ನಾನು ಹುಟ್ಟುವ ಮೊದಲೇ ನೀವು ನವಾಬ ಸಾಹೇಬರ ಜಾಗೀರಿನ ಕಾರಭಾರಿಯಾಗಿ ಈ ಊರಿಗೆ ಬಂದವರು. ಕಾಗದಪತ್ರದಲ್ಲಿ ಗೌಸಮೊಹಿದ್ದೀನ, ಅಪ್ಪನಿಗೆ ಸಾಹೇಬರು, ನಮಗೆಲ್ಲ ಚಾಚಾ. ಹಗೇವಿನ ಕಥೆಯನ್ನು ನೀವೇ ಎಷ್ಟೋ ಸಲ ಹೇಳಿದ್ದೀರಿ. ನವಾಬ ಸಾಹೇಬರು ಫ್ರಾನ್ಸ್ ದೇಶದಿಂದ ಕೆಂಪು ವೈನನ್ನು ಪೆಟ್ಟಿಗೆಗಟ್ಟಲೆ ತರಿಸುತ್ತಿದ್ದರು. ಹೈದರಾಬಾದಿನ ಬೇಸಿಗೆಗೆ ಒಂದು ಪೆಟ್ಟಿಗೆ ಪೂರ್ತಿ ಹುಳಿಯಾಗಿ ಸಿರ್ಕಾ ಆಗಿ ಕೂತಿತು. ಅದೇ ವೈಶಾಖದಲ್ಲಿ ಅವರು ಚಿಗರಿ ಬೇಟೆಗೆಂದು ಇಲ್ಲಿಗೆ ಬಂದಾಗ ನಮ್ಮಜ್ಜ ಹಿತ್ತಲಲ್ಲಿ ಹಗೇವು ತೆಗೆಸಿ ಜೋಳ ಮೇಲೆತ್ತಿಸುತ್ತಿದ್ದ. ಹೊರಗೆ ಕಲ್ಲು ಕಾದು ಸುಡುತ್ತಿದ್ದರೆ ನೆಲದೊಳಗಿನಿಂದ ಬಂದ ಕಾಳು ಕೈಗೆ ತಣ್ಣಗೆ ಹತ್ತಿತು. ನವಾಬರು ಬೇಟೆ ಮರೆತು ಆ ಜೋಳದಲ್ಲಿ ಮೊಣಕೈವರೆಗೆ ತೋಳು ಹುಗಿದು ನಿಂತುಬಿಟ್ಟರಂತೆ. ನಮ್ಮ ಹಿತ್ತಲಲ್ಲಿ ಮೂರನೆಯ ಹಗೇವು ತೋಡಿದ್ದು ಹಾಗೆ. ಕೊಡದ ಹಾಗೆ ಕಿರಿದಾದ ಬಾಯಿ, ಒಳಗೆ ಆಳವಾದ ಹೊಟ್ಟೆ. ಅದರೊಳಗೆ ಒಂದು ಕಾಳೂ ಬೀಳಬಾರದೆಂದು ತಾಕೀತು. ತಳದಲ್ಲಿ ಹುಲ್ಲು ಹಾಸಿ ಸೀಸೆಗಳನ್ನು ಮಲಗಿಸಿ ಬಾಯಿಗೆ ಹಾಸುಗಲ್ಲು ಮುಚ್ಚಿದರು. ಊರವರು ಅದಕ್ಕೆ ಸಾಹೇಬರ ಹಗೇವು ಎಂದು ಹೆಸರಿಟ್ಟರು. ನವಾಬರು ತೀರಿಕೊಂಡ ಮೇಲೆ ಅವರ ಮಕ್ಕಳು ಅದನ್ನು ಮರೆತರು. ನೀವು ಮರೆಯಲಿಲ್ಲ.

ಜೋಳದ ಹಗೇವಿಗೆ ಯಾರೂ ಸುಮ್ಮನೆ ಇಳಿಯುವುದಿಲ್ಲ. ಬಾಯಿ ತೆಗೆದು ಒಂದು ಹಗಲು ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿತೋ, ಮನುಷ್ಯನೂ ಆರುತ್ತಾನೆ. ಮುಚ್ಚಿದ ಹೊಟ್ಟೆಯಲ್ಲಿ ಕೂತ ಜೋಳ ಗಾಳಿಯನ್ನು ಕೆಡಿಸಿಬಿಡುತ್ತದೆ. ಇದು ನಮ್ಮಲ್ಲಿ ನಡೆಯಲು ಬರುವ ಮಗುವಿಗೂ ಗೊತ್ತು. ನಿಮ್ಮ ಹಗೇವಿಗೆ ಮಾತ್ರ ದೀಪದ ಪದ್ಧತಿ ಇರಲಿಲ್ಲ. "ಸೀಸಾ ಉಸರಾಡಂಗಿಲ್ಲ ಬೇಟಿ. ಅಲ್ಲಿ ಗಾಳಿ ಯಾಕ ಕೆಡ್ತದ?" ಎನ್ನುತ್ತ ಗೋಡೆಯಲ್ಲಿ ಕೊರೆದ ಗುಂಡಿಗಳಿಗೆ ಕಾಲಿಟ್ಟು ಸರಸರ ಇಳಿಯುತ್ತಿದ್ದಿರಿ.

ಹೋದ ವರ್ಷ ಯುಗಾದಿಯ ಮುಂದೆ ನಿಮಗೆ ವಿಷಮಜ್ವರ ಬಂತು. ಜ್ವರ ಬಿಟ್ಟಿತು, ಮೂಗು ತೆಗೆದುಕೊಂಡು ಹೋಯಿತು. ನೀವು ನಂಬಲಿಲ್ಲ. ಅವ್ವ ಇಂಗಿನ ಡಬ್ಬಿ ತಂದು ನಿಮ್ಮ ಮೂಗಿನ ಕೆಳಗೆ ಹಿಡಿದು, "ಏನ್ ಬರ್ತದ್ರಿ ಸಾಹೇಬರ?" ಎಂದಳು. ನೀವು ಕಣ್ಣುಮುಚ್ಚಿ ಬಹಳ ಹೊತ್ತು ಎಳೆದುಕೊಂಡು, "ಡಬ್ಬಿ ಖಾಲಿ ಅದ ಏನ್ರಿ?" ಎಂದಿರಿ. ಅವ್ವ ನಕ್ಕಳು, ಹುಲೆಪ್ಪ ನಕ್ಕ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ದುಡಿದ ಆ ಮುದುಕ ನಗುವುದೇ ಅಪರೂಪ. ನೀವೂ ನಕ್ಕಿರಿ. ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿರಿ.

ಅದೇ ವಾರ ಅಪ್ಪನ ಎದುರು ಕೂತು ಕೇಳಿದ್ದು: "ಬಸವಂತರಾಯರ, ನಿಮ್ಮ ಮಗಳ ಮೂಗು ನನಗ ಕೊಡ್ರಿ. ಕೆಳಗ ನಾಕಾರು ಸೀಸಾ ಉಳದಾವ. ನಾ ಸಾಯೂದ್ರಾಗ ಅವು ಏನ್ ಅಂತಾವ ಕೇಳಬೇಕು." ತುಪ್ಪ ಕೆಡುವ ಎರಡು ದಿನ ಮೊದಲು, ಬೇಳೆಗೆ ಹುಳ ಬೀಳುವ ಮೊದಲು ನಾನು ಮೂಸಿ ಹೇಳುತ್ತೇನೆಂದು ಅವ್ವನೇ ನಿಮ್ಮ ಮುಂದೆ ಹೊಗಳಿಕೊಂಡಿದ್ದಳು. ಈಗ ಅವಳೇ ಅಡುಗೆಮನೆಯಿಂದ, "ಕೊರಳಾಗ ಲಿಂಗ ಇದ್ದಾಕಿರಿ ಅಕಿ. ನಾಳೆ ಸಿಂದಿ ಅಂಗಡ್ಯಾಗ ಕುಂಡ್ರಸಾವರೇನ್ರಿ?" ಎಂದಳು. "ಮೂಗಿಗೆ ದೋಷ ಇಲ್ಲ. ನಾಲಿಗಿಗೆ ಹತ್ತಬಾರದು" ಎಂದು ಅಪ್ಪ ತೀರ್ಪು ಕೊಟ್ಟ. ಹಾಗೆ ನಾನು ನಿಮ್ಮ ಮೂಗಾದೆ. ಮೂಗು ನನ್ನದು, ನಾಲಿಗೆ ನಿಮ್ಮದು. ಸಿಹಿ, ಹುಳಿ, ಒಗರು ಇಷ್ಟು ನಿಮ್ಮ ನಾಲಿಗೆಗೆ ಇನ್ನೂ ತಿಳಿಯುತ್ತಿದ್ದವು. ಉಳಿದದ್ದೆಲ್ಲ ನಾನು ಹೇಳಬೇಕು.

ಮೊದಲು ಬಿಚ್ಚಿದ್ದು ಮೂವತ್ತನಾಲ್ಕನೆಯ ಇಸವಿಯ ದ್ರಾಕ್ಷಿಯದು. ಸೀಸೆಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಸಿಯನ್ನು ತಳಕ್ಕೆ ಇಳಿಸಿದಿರಿ. ಕತ್ತಿನ ಹಿಂದೆ ದೀಪ ಇಟ್ಟು, ಗಸಿ ಕತ್ತಿಗೆ ಬರುವವರೆಗೆ ಒಂದೇ ಕೈಯಲ್ಲಿ ಬಗ್ಗಿಸಿದಿರಿ. ನವಾಬರ ಕಾಲದ ಉದ್ದ ಕಾಲಿನ ಗಾಜಿನ ಲೋಟವನ್ನು ಕಂಬದ ಆಚೆಯಿಂದ ನೀಡಿದಿರಿ. ನಾನು ಕಂಬದ ಈಚೆ. ನನಗೆ ಬಾಯಿಯೇ ಬರಲಿಲ್ಲ. "ದ್ರಾಕ್ಷಿ ಅನಬ್ಯಾಡ. ಅದು ಎಲ್ಲಾರಿಗೂ ಗೊತ್ತದ. ನೀ ಕಂಡದ್ದು ಹೇಳು" ಎಂದಿರಿ. ನಾನು, "ನೇರಲಹಣ್ಣು" ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಹೊಸಾ ಜೋಡು" ಎಂದೆ. ಚರ್ಮ ಹದ ಮಾಡುವ ಜಾಲಿ ತೊಗಟೆಯ ವಾಸನೆ ಅದರಲ್ಲಿತ್ತು. ಇಣುಕಿ ನೋಡಿದರೆ ನಿಮ್ಮ ಕಣ್ಣು ತುಂಬಿದ್ದವು. "ಬಂತು. ಮೂಗಿಗೆ ಬರಲಿಲ್ಲ, ಕಿವಿಗೆ ಬಂತು" ಎಂದಿರಿ.

ಚಾಚಾ, ಮಾತನ್ನು ಹುಡುಕುವುದು ನಾನು ಕಲಿತದ್ದು ಆ ಕಂಬದ ಹಿಂದೆ. ಶಾಲೆಯಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಇಪ್ಪತ್ತೊಂದರದು ಬಿಚ್ಚಿದಾಗ ಶ್ರಾವಣ. ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು, ನಿಜಾಮರ ಕೈಕೆಳಗಿನ ನಮಗೆ ಬಂದಿರಲಿಲ್ಲ. ಆಚೆಯ ದುಧನಿಯಲ್ಲಿ ಧ್ವಜ ಹಾರಿದ್ದನ್ನು ನೋಡಿ ಬಂದ ಅಣ್ಣ ಅದನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದ. ಆ ವೈನು ಅಂಚಿನಲ್ಲಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. "ಆಲೆಮನಿ. ಕಡೀ ಕೊಪ್ಪರಿಗಿ. ತಳಾ ಹತ್ತೂಕ ಒಂದೀಟ ಮೊದಲ" ಎಂದೆ. ನೀವು ತೊಡೆ ತಟ್ಟಿಕೊಂಡಿರಿ. ಇಪ್ಪತ್ತೊಂದರಲ್ಲಿ ಫ್ರಾನ್ಸಿನ ಬಿಸಿಲು ವಿಪರೀತವಾಗಿ ದ್ರಾಕ್ಷಿ ಬಳ್ಳಿಯ ಮೇಲೇ ಬೆಂದಂತಾಗಿತ್ತೆಂದು ನವಾಬರು ಹೇಳಿದ್ದರಂತೆ. ಅಲ್ಲಿಯ ಒಂದು ಬೇಸಿಗೆಯನ್ನು ಇಲ್ಲಿ ಮೂಸಿ ಹೇಳಿದೆನೆಂದು ನನಗೆ ಆ ದಿನವೆಲ್ಲ ಮೈಯಲ್ಲಿ ಏನೋ ಹುರುಪು.

ಆಮೇಲೆ ದಿನಗಳು ಕೆಟ್ಟವು. ನಿಜಾಮರ ಪರವೆಂದು ಹೇಳಿಕೊಂಡು ಖಾಕಿ ತೊಟ್ಟ ಬಂದೂಕಿನ ದಂಡು ಊರೂರು ತಿರುಗಿ ಹಗೇವು ತೆಗೆಸಿ ಜೋಳ ಹೊರಿಸಿಕೊಂಡು ಹೋಗತೊಡಗಿತು. ಹರೆಯದ ಗಂಡಸರು ಗಡಿ ದಾಟಿ ಹೋದರು. ಸುಗ್ಗಿಗೆ ಹೊಲದಲ್ಲಿ ಹೆಂಗಸರು, ಮುದುಕರು ಅಷ್ಟೇ. ತೆನೆ ಮುರಿದು ಮನೆಗೆ ಬಂದ ದಿನ ನೀವು ಹದಿನಾಲ್ಕರ ಸೀಸೆ ಹಿಡಿದುಕೊಂಡು ಬಂದಿರಿ. "ಇದು ಇವತ್ತ ಬಿಚ್ಚಬೇಕು. ಆ ವರ್ಷ ಅಲ್ಲಿ ಗಂಡಸರೆಲ್ಲ ಲಡಾಯಿಗೆ ಹೋಗಿದ್ದರು. ಇದರ ದ್ರಾಕ್ಷಿ ಬಿಡಿಸಿದವರೂ ಹೆಂಗಸರಽ, ಮುದುಕರಽ." ಅವ್ವ ಆವತ್ತು ಕುಚೇಷ್ಟೆ ಮಾಡಲಿಲ್ಲ. ಕುಡುಗೋಲು ಗೋಡೆಗೆ ಸಿಗಿಸಿ ಬಂದು ಕಂಬಕ್ಕೆ ಒರಗಿ ನಿಂತಳು. ಒಣಗಿದ ಗುಲಾಬಿ, ಎಲೆ ಬಾಡಿದ ವೀಳ್ಯದ ಬುಟ್ಟಿ ಎಂದು ನಾನು ಹೇಳಿದೆ. ಅವ್ವ, "ಅವರ ಗಂಡಸರು ತಿರುಗಿ ಬಂದರೇನ್ರಿ?" ಎಂದು ಕೇಳಿದಳು. ನೀವು ಲೋಟ ತಿರುಗಿಸುತ್ತ, "ಕೆಲವರು" ಎಂದಿರಿ.

ಅದೇ ದಿನಗಳಲ್ಲಿ ನೀವು ಅಪ್ಪನಿಗೆ ಒಂದು ಮಾತು ಹೇಳಿದಿರಿ. ನಾನು ಅಲ್ಲೇ ಇದ್ದೆ, ಸೊಪ್ಪು ಸೋಸುತ್ತಿದ್ದೆ. "ಬಸವಂತರಾಯರ, ದಂಡಿನವರು ನನ್ನ ಮುಂದ ಕುರಾನ್ ಇಟ್ಟು ಕೇಳ್ತಾರ, ಯಾರ ಮನ್ಯಾಗ ಎಷ್ಟು ಜ್ವಾಳ ಅದ ಅಂತ. ನನ್ನ ಬಾಯಾಗ ಸುಳ್ಳು ಹೊಂಡಂಗಿಲ್ಲ. ಅದಕ್ಕ ನೀವು ಎಲ್ಲಿ ಇಡ್ತೀರಿ, ಏನ್ ಮಾಡ್ತೀರಿ, ನನಗ ಹೇಳಬ್ಯಾಡ್ರಿ. ನನಗ ಗೊತ್ತಾಗಧಂಗ ಮಾಡ್ರಿ." ಅಪ್ಪ ನಿಮ್ಮ ಕೈ ಹಿಡಿದುಕೊಂಡು, "ಆತ್ರಿ ಸಾಹೇಬರ" ಎಂದ. ನೀವು ಇದನ್ನು ಮರೆತಿರಲಾರಿರಿ. ಆ ಕತ್ತಲೆಯಲ್ಲಿ ನೆನಪಾಯಿತೋ ಇಲ್ಲವೋ, ಅದೊಂದು ನನಗೆ ತಿಳಿಯದು.

ವೈಶಾಖ ಕಳೆಯುತ್ತಲೇ ಹುಡುಗಿಯರನ್ನು ಊರಲ್ಲಿ ಇಟ್ಟುಕೊಳ್ಳುವುದು ಬೇಡ ಎಂದಾಯಿತು. ಇಜೇರಿಯಲ್ಲಿ ಗೊತ್ತಾಗಿದ್ದ ನನ್ನ ಮದುವೆ ಮುಂದಕ್ಕೆ ಹೋಯಿತು. ನಿಮ್ಮ ಮಗಳು ಪ್ಯಾರಿಬಿಯನ್ನು ಕೊಟ್ಟದ್ದೂ ಅದೇ ಊರು. "ನನ್ನ ಮಗಳೂ ಅಲ್ಲೇ, ನನ್ನ ಮೂಗೂ ಅಲ್ಲೇ. ನಾ ಇನ್ನ ಇಲ್ಲೇನ್ ಮಾಡ್ಲಿ?" ಎಂದು ನೀವು ಕಾಡುತ್ತಿದ್ದಿರಿ. ನನ್ನನ್ನು ದುಧನಿಯ ಸೋದರಮಾವನ ಮನೆಗೆ ಕಳಿಸುವುದಾಯಿತು. ಹೊರಡುವ ಮುಂಜಾನೆ ನೀವು ಎಲ್ಲಕ್ಕಿಂತ ಹಳೆಯದನ್ನು ತಂದಿರಿ, ಹದಿನೆಂಟುನೂರ ತೊಂಬತ್ತೊಂಬತ್ತರದು. ಅಷ್ಟು ಹಳೆಯದಕ್ಕೆ ಗಾಳಿ ಹೆಚ್ಚು ಆಡಬಾರದೆಂದು ಬಿಚ್ಚಿದ ಕೂಡಲೇ ಲೋಟ ನೀಡಿದಿರಿ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಜ್ಜಿಯ ಸೀರೆ. ಅಷ್ಟು ಹೇಳುವುದರೊಳಗೆ ಅದು ಹೋಯಿತು. ಮತ್ತೆ ಮೂಸಿದೆ, ಬರೀ ನೀರು ಹಾಕಿದ ಮಣ್ಣು. "ಇತ್ತು, ಈಗ ಇಲ್ರಿ" ಎಂದೆ. ಆ ವರ್ಷವೇ ಇಲ್ಲಿ ದೊಡ್ಡ ಬರ ಬಿದ್ದು ಹಗೇವುಗಳೆಲ್ಲ ಬರಿದಾಗಿ, ಅಜ್ಜಿ ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದಳು. ಅಲ್ಲಿ ಬಳ್ಳಿ ತುಂಬ ದ್ರಾಕ್ಷಿ. ನೀವು ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿರಿ, ಕುಡಿಯಲಿಲ್ಲ.

ಇನ್ನು ಉಳಿದದ್ದು ಇಪ್ಪತ್ತೆಂಟರ ಜೋಡಿ. ಹಿಂದೆ ಒಮ್ಮೆ ಅದೇ ಇಸವಿಯ ಬೇರೊಂದನ್ನು ಬಿಚ್ಚಿ ನೀವು ಮುಖ ಕಿವಿಚಿದ್ದಿರಂತೆ. ಜಾಲಿಕಡ್ಡಿ ಅಗಿದಷ್ಟು ಒಗರು. ಆ ವರ್ಷದ ವೈನು ಹಟಮಾರಿ, ಮಾಗಲು ಒಂದು ತಲೆಮಾರು ಬೇಕು ಎಂದು ನವಾಬರು ಹೇಳಿ ಹೋಗಿದ್ದರು. "ನೀ ದುಧನಿಯಿಂದ ತಿರುಗಿ ಬಾ. ದಸರಾಕ್ಕ ಬಿಚ್ಚೂಣು. ಒಗರು ಹೋಗಿರ್ತದ, ನೋಡು" ಎಂದಿರಿ. ಬಂಡಿ ಹತ್ತಿದ ಮೇಲೆ ಹಿಂದೆ ಬಂದು, "ನೆಗಡಿ ಮಾಡ್ಕೋಬ್ಯಾಡ ಮತ್ತ" ಎಂದಿರಿ. ಅದು ನಿಮ್ಮ ಬಾಯಿಂದ ನಾನು ಕೇಳಿದ ಕಡೆಯ ಮಾತು.

ಇಲ್ಲಿಂದ ಮುಂದಿನದು ನಾನು ದುಧನಿಯಿಂದ ತಿರುಗಿ ಬಂದ ಮೇಲೆ ಅಪ್ಪ, ಅಣ್ಣ, ಹುಲೆಪ್ಪ ಹೇಳಿದ್ದು.

ಆಷಾಢದಲ್ಲಿ ದಂಡು ಮತ್ತೆ ಬರುತ್ತದೆಂದು ಸುದ್ದಿಯಾಯಿತು. ಮನೆಯ ಎರಡು ಹಗೇವಿನ ಲೆಕ್ಕ ಅವರಿಗೆ ಗೊತ್ತಿತ್ತು. ಸಾಹೇಬರ ಹಗೇವಿನಲ್ಲಿ ಕಾಳು ಇರುವುದಿಲ್ಲ ಎಂಬುದೂ ಸೀಮೆಗೆಲ್ಲ ಗೊತ್ತಿತ್ತು. ಅಪ್ಪ, ಗಡಿಯಾಚೆಯಿಂದ ಕದ್ದು ಬಂದಿದ್ದ ಅಣ್ಣ ಇಬ್ಬರೇ ಸೇರಿ, ಹುಲೆಪ್ಪನಿಗೂ ತಿಳಿಯದ ಹಾಗೆ, ಮಳೆ ಸುರಿಯುವಾಗ ಜೋಳದ ಚೀಲಗಳನ್ನು ಅದರೊಳಗೆ ಇಳಿಸಿದರು. ಮಳೆಯಲ್ಲಿ ಯಾರೂ ಹೊರಗೆ ಬರುವುದಿಲ್ಲವೆಂದು ಆ ಹೊತ್ತು. ಚೀಲ ನೆಂದವು. ನೆಂದದ್ದನ್ನೇ ಇಳಿಸಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ನಿಮಗೆ ಹೇಳಲಿಲ್ಲ. ನೀವು ಹೇಳಬೇಡಿ ಎಂದಿದ್ದಿರಿ.

ದಂಡು ಬಂತು. ನೀವು ಹೇಳಿದ ಹಾಗೆಯೇ ಕುರಾನ್ ಮುಂದಿಟ್ಟು, ಆ ಮೂರನೆಯದರಲ್ಲಿ ಏನಿದೆ ಎಂದು ಕೇಳಿದರು. "ಅದರಾಗ ನನ್ನ ಪಾಪ ಮಲಗ್ಯಾವ. ಜ್ವಾಳಲ್ಲ" ಎಂದಿರಂತೆ ನೀವು. ದಂಡಿನ ಮುಖ್ಯಸ್ಥ ನಕ್ಕುಬಿಟ್ಟನಂತೆ. ಅಪ್ಪ ಅಲ್ಲೇ ತಲೆ ತಗ್ಗಿಸಿ ನಿಂತಿದ್ದ. ಆ ಜೋಳ ಉಳಿದದ್ದು ನಿಮ್ಮ ಸತ್ಯದಿಂದ. ಅದನ್ನು ಅಪ್ಪ ಈಗಲೂ ಹೇಳುತ್ತಾನೆ, ಹೇಳಿ ಎದ್ದು ಹೊರಗೆ ಹೋಗುತ್ತಾನೆ.

ಭಾದ್ರಪದದಲ್ಲಿ ಹಿಂದುಸ್ತಾನದ ಸೈನ್ಯ ಬಂತು, ದಂಡು ಓಡಿತು. ನಾವು ದುಧನಿಯಲ್ಲಿ ಸಕ್ಕರೆ ಹಂಚಿ ತಿಂದೆವು. ಆ ದಿನ ನಿಮ್ಮ ನೆನಪು ನನಗೆ ಬಂದಿತ್ತು, ದಸರಾ ಹತ್ತಿರ ಬಂತೆಂದು ಅಷ್ಟೇ. ನಿಮಗೆ ಹೆದರಿಕೆಯ ದಿನ ಈಗ ಶುರುವಾಯಿತೆಂದು ಹೊಳೆಯಲಿಲ್ಲ. ಸೈನ್ಯ ಮುಂದೆ ಹೋದ ಮೇಲೆ ಜನ ಎದ್ದರು. ಅತ್ತ ಕಡೆಯ ಹಳ್ಳಿಗಳವರು, ಅವರ ಜೊತೆ ನಮ್ಮೂರವರೂ ಕೆಲವರು. ಕೊಡಲಿ, ಬಡಿಗೆ ಹಿಡಿದುಕೊಂಡು, ದಂಡಿನವರು ಮಾಡಿದ್ದಕ್ಕೆಲ್ಲ ಸಿಕ್ಕವರ ಮೇಲೆ ತೀರಿಸಿಕೊಳ್ಳಲು ಹೊರಟವರು. ಅಪ್ಪ ಚಾವಡಿಯಲ್ಲಿ ಅವರನ್ನು ತಡೆದು ಮಾತಿಗೆ ಕೂರಿಸಿಕೊಂಡ. ಅಣ್ಣನೂ ಅಲ್ಲೇ. ಅವ್ವ ಬಾಗಿಲು ಹಾಕಿಕೊಂಡು ಒಳಗೆ. ಹಿತ್ತಲಲ್ಲಿ ಹುಲೆಪ್ಪ ಒಬ್ಬನೇ ಸಗಣಿಯ ಕುಳ್ಳು ಒಟ್ಟುತ್ತಿದ್ದ.

ನೀವು ಹಿತ್ತಲ ಗೋಡೆ ಹಾರಿ ಬಂದಿರಿ, ಆ ವಯಸ್ಸಿನಲ್ಲಿ. ಕಲ್ಲು ಸರಿಸು ಎಂದಿರಿ. ಹುಲೆಪ್ಪ ಹಾರೆ ಹಾಕಿ ಕಲ್ಲು ಎಬ್ಬಿಸಿದ. ಮಣ್ಣು ಹಸಿಯಾಗಿದೆಯಲ್ಲ ಎಂದು ಅವನಿಗೆ ಅನಿಸಿತಂತೆ, ಮಳೆ ಎಂದುಕೊಂಡನಂತೆ. ಅವನಿಗೆ ವಾಸನೆ ಬರಲಿಲ್ಲವೇ ಎಂದು ನಾನು ಕೇಳಿದೆ. ಅವನ ಬಾಯಲ್ಲಿ ತಂಬಾಕು, ಸುತ್ತ ಸಗಣಿ. "ದೀಪಾ ಬಿಡೂಣೇನ್ರಿ?" ಎಂದನಂತೆ. "ಲೇ ಹುಲೆಪ್ಪ, ನನ್ನ ಹಗೇವಕ್ಕ ದೀಪ ಯಾಕೋ? ಅಲ್ಲಿ ಬರೇ ಸೀಸಾ ಅದಾವ" ಎಂದು ಇಳಿದಿರಿ. ಕಿರಿಬಾಯಿಯಲ್ಲಿ ನಿಮ್ಮ ಟೊಪ್ಪಿಗೆ ಮರೆಯಾಯಿತು. ಓಣಿಯಲ್ಲಿ ಗಲಾಟೆ ಕೇಳಿಸಿತು. ಕೆಳಗಿನಿಂದ ನಿಮ್ಮ ಧ್ವನಿ ಬಂತಂತೆ: "ಇಲ್ಲೇನೋ ಮೆತ್ತಗ ಅದಲ್ಲೋ." ಅಷ್ಟರಲ್ಲಿ ಹುಲೆಪ್ಪ ಕಲ್ಲು ಎಳೆದು, ಮೇಲೆ ಕುಳ್ಳು ಒಟ್ಟಿ, ಅದರ ಮೇಲೆ ತಾನೇ ಕೂತ. ಚಾವಡಿಯಲ್ಲಿ ಕೂರದ ಜನ ಒಳಗೆ ಬಂದರು. ಕೊಟ್ಟಿಗೆ ನೋಡಿದರು, ಅಟ್ಟ ನೋಡಿದರು. ಮುದುಕನನ್ನು ಬೈದರು. ಅವನು ಕುಳ್ಳಿನ ಮೇಲೆ ಕೂತೇ ಇದ್ದ.

ಒಳಗಿನಿಂದ ಕೂಗು ಬರಲಿಲ್ಲ, ಬಡಿತ ಬರಲಿಲ್ಲ. ಹುಲೆಪ್ಪ ಲಿಂಗ ಮುಟ್ಟಿ ಹೇಳುತ್ತಾನೆ. ಕೂಗಲು ಉಸಿರೇ ಇರಲಿಲ್ಲವೋ, ಮೇಲೆ ಕೊಡಲಿಯವರ ಕಾಲಸಪ್ಪಳ ಕೇಳಿ, ಕೂಗಿದರೆ ಈ ಮನೆಗೆ ಬೆಂಕಿ ಬೀಳುತ್ತದೆಂದು ಬಾಯಿ ಮುಚ್ಚಿಕೊಂಡಿರೋ. ಚಾಚಾ, ನನಗೆ ಇದೊಂದು ತಿಳಿಯಬೇಕಿತ್ತು. ಇದನ್ನು ಮೂಸಿ ಹೇಳಲು ಬರುವುದಿಲ್ಲ.

ಹೊತ್ತು ಇಳಿಯುವಾಗ ಅಪ್ಪ ಮನೆಗೆ ಬಂದ. ಜನ ತಿರುಗಿ ಹೋದರೆಂದು ಅವನ ಮುಖದಲ್ಲಿ ಜೀವ ಬಂದಿತ್ತಂತೆ. "ಸಾಹೇಬರು ಎಲ್ಲಿ?" ಎಂದ. ಹುಲೆಪ್ಪ ಕುಳ್ಳಿನಿಂದ ಎದ್ದು, ದೊಡ್ಡ ಕೆಲಸ ಮಾಡಿದವನ ಹಾಗೆ, "ಅವರ ಹಗೇವಿನ್ಯಾಗ ಕುಂದರ್ಸೀನ್ರಿ" ಎಂದ. ಅಪ್ಪ ಕುಳ್ಳು ಕೆಡವಿದ. ಕಲ್ಲು ತೆಗೆದು ದೀಪ ಬಿಟ್ಟ. ಆರಿತು. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟ. ಆರಿತು. ಅಣ್ಣ ಹಾರಲು ಹೋದವನನ್ನು ಅವ್ವ ಸೊಂಟ ಹಿಡಿದು ಎಳೆದು ಕೆಡವಿದಳಂತೆ. ಮಗನನ್ನೂ ಅದಕ್ಕೆ ಕೊಡುವುದು ಬೇಡ ಎಂದು. ಕಂಬಳಿ ಬೀಸಿ ಬೀಸಿ ಗಾಳಿ ಹೊರಗೆ ಎಳೆದರು. ಮಾರನೆಯ ಮುಂಜಾನೆ ದೀಪ ನಿಂತಿತು, ಆಗ ನಿಮ್ಮನ್ನು ಮೇಲೆ ತೆಗೆದರು. ಚೀಲಕ್ಕೆ ಒರಗಿ ಕೂತಿದ್ದಿರಂತೆ. ಒಂದು ಚೀಲದ ಬಾಯಿ ಬಿಚ್ಚಿತ್ತು.

ಊರಲ್ಲಿ ನಿಮ್ಮವರು ಯಾರೂ ಉಳಿದಿರಲಿಲ್ಲ. ಹತ್ತಿ ಹಿಂಜುವ ರಸೂಲ ಕಬ್ಬಿನ ಗದ್ದೆಯಲ್ಲಿ ಅಡಗಿದ್ದ. ಅಪ್ಪ ಹೋಗಿ, "ನಾನೀನಿ, ಬಸವಂತರಾಯ, ಹೊರಗ ಬಾ" ಎಂದು ಗದ್ದೆಯ ಸುತ್ತ ಕೂಗುತ್ತ ತಿರುಗಿದನಂತೆ. ರಸೂಲ ಬಂದು ಮೀಸುವಾಗ ಮುಷ್ಟಿ ಬಿಚ್ಚಲು ನೋಡಿದ, ಆಗಲಿಲ್ಲ. "ಇರಲಿ ಬಿಡ್ರಿ, ಒಯ್ಯಲಿ" ಎಂದ. ಜೋಳದ ಸಮೇತ ನಿಮ್ಮನ್ನು ದರ್ಗಾದ ಹಿಂದಿನ ಬೇವಿನ ಕೆಳಗೆ ಇಟ್ಟರು. ಪ್ರಾರ್ಥನೆಗೆ ರಸೂಲ ಒಬ್ಬನೇ ನಿಂತ. ಅಪ್ಪ ಮತ್ತು ಅಣ್ಣ ದೂರದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು.

ದೀಪಾವಳಿ ಕಳೆದ ಮೇಲೆ ಪ್ಯಾರಿಬಿ ಇಜೇರಿಯಿಂದ ಜೇವರ್ಗಿ ಕಡೆಯ ಬಂಡಿಯಲ್ಲಿ ಬಂದಳು. ಅವಳ ಮನೆಯೂ ಸುಟ್ಟಿದೆ, ಮನುಷ್ಯರು ಉಳಿದಿದ್ದಾರೆ. ಅಪ್ಪ ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದ. ಆ ಜೋಳವನ್ನು ಅಪ್ಪ ಮನೆಯೊಳಗೆ ತಂದಿರಲಿಲ್ಲ, ದನಕ್ಕೂ ಹಾಕಿರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಅವಳು ಹೋಗಿ ಚೀಲ ಮುಟ್ಟಿ ನೋಡಿ, "ಜ್ವಾಳದ್ದೇನ್ರಿ ತಪ್ಪು? ಅಬ್ಬಾನ ಕೈಯಾಗ ಇದ್ದದ್ದು. ಹಾಳ ಮಾಡಬ್ಯಾಡ್ರಿ" ಎಂದಳು. ಬಿಸಿಲಿಗೆ ಹರವಿ, ಕೆಟ್ಟದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಮನೆ ಸುಟ್ಟವರಿಗೆಂದು ಬಂಡಿಗೆ ಹೇರಿಸಿಕೊಂಡು ಹೋದಳು. ಹೋಗುವ ಮುಂಚೆ ನನ್ನ ಕೈ ಹಿಡಿದು ಕೇಳಿದಳು: "ಗೌರಾ, ಅಬ್ಬಾ ಯಾರ ಮ್ಯಾಲೂ ಸಿಟ್ಟಿಲ್ದಂಗ ಹೋಗಿರ್ತಾರಲ್ಲ ಬೇ?" ತಲೆ ಆಡಿಸಿದೆ. ಅದು ಹೌದು ಎಂದೋ ಗೊತ್ತಿಲ್ಲ ಎಂದೋ ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಈ ಪತ್ರ ಅವಳಿಗೂ ಹೌದು.

ಎಳ್ಳಮಾಸೆ ಮುಗಿದ ಮಾರನೆಯ ದಿನ ಅಪ್ಪ ಆ ಹಗೇವಿಗೆ ಗರಸುಮಣ್ಣು ತುಂಬಿಸಿ ಮುಚ್ಚಿಸುತ್ತಾನೆ. ಬಂಡಿ ಹೇಳಿಟ್ಟಿದ್ದಾನೆ. ಹಾಗಾಗಿ ಇವತ್ತೇ ಬಿಚ್ಚಬೇಕಾಯಿತು. ಚೀಲದ ಅಡಿಯಲ್ಲಿ ಹುಲ್ಲಿನೊಳಗೆ ಇಪ್ಪತ್ತೆಂಟರ ಜೋಡಿ ಏನೂ ಆಗದೆ ಮಲಗಿತ್ತು.

ಈಗ ಹೊತ್ತಾಯಿತು. ನೀವು ಮಾಡುತ್ತಿದ್ದ ಹಾಗೆ ಕತ್ತಿನ ಹಿಂದೆ ದೀಪ ಇಟ್ಟು ಬಗ್ಗಿಸಿದೆ. ಗಸಿ ಬೀಳಲಿಲ್ಲ. ಬಣ್ಣ ಇನ್ನೂ ಕಪ್ಪು, ಇಟ್ಟಂಗಿಯ ಅಂಚು ಕೂದಲೆಳೆಯಷ್ಟು. ಮೂಸಿದೆ. ಬಹಳ ಹೊತ್ತು ಏನೂ ಇಲ್ಲ, ಮುಚ್ಚಿದ ಬಾಗಿಲು. ಆಮೇಲೆ ಒಣ ನೇರಲ. ಆಮೇಲೆ ಎರೆಹೊಲಕ್ಕೆ ಮೊದಲ ಮಳೆ ಬೀಳುವ ಮುಂಚಿನ ಗಾಳಿ, ಮಳೆ ಅಲ್ಲ, ಮುಂಚಿನದು. ಕುಲುಮೆಯಲ್ಲಿ ಆಗಷ್ಟೇ ಆರಿದ ಕಬ್ಬಿಣ. ಎಲ್ಲ ಒಳಗೆ ಇದೆ ಚಾಚಾ, ಒಂದೂ ಹೊರಗೆ ಬಂದಿಲ್ಲ.

ಒಗರು ಹೋಗಿದೆಯೋ ಇಲ್ಲವೋ ಮೂಗಿಗೆ ತಿಳಿಯುವುದಿಲ್ಲ. ಅದು ನಿಮ್ಮ ನಾಲಿಗೆಯ ಕೆಲಸವಾಗಿತ್ತು. ಅಪ್ಪ ಹೇಳಿದ್ದು ನೆನಪಿದೆ. ಕೊರಳಿನ ಲಿಂಗವನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡೆ. ಒಂದು ಗುಟುಕು ಬಾಯಿಗೆ ತೆಗೆದುಕೊಂಡೆ, ನುಂಗಲಿಲ್ಲ, ನೀವು ಹೇಳಿದ ಫ್ರಾನ್ಸಿನ ಪರೀಕ್ಷಕರ ಹಾಗೆ ಅಂಗಳದ ಮಣ್ಣಿಗೆ ಉಗುಳಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಚೊಂಬು ನೀರು ತಂದು ಪಕ್ಕದಲ್ಲಿ ಇಟ್ಟು ಹೋದಳು.

ಮಾಗಿಲ್ಲ ಚಾಚಾ. ಒಗರು ಹಾಗೇ ಇದೆ. ದವಡೆ ಇನ್ನೂ ಬಿಗಿದುಕೊಂಡಿದೆ. ದಸರಾಕ್ಕೆ ಬಿಚ್ಚಿದ್ದರೂ ನಾವಿಬ್ಬರೂ ಮುಖ ಕಿವಿಚುತ್ತಿದ್ದೆವು.

ನಡುವೆ ಬರೆಯುವುದನ್ನು ನಿಲ್ಲಿಸಿ ಹಿತ್ತಲಿಗೆ ಹೋಗಿ ಬಂದೆ. ಜೋಡಿಯ ಇನ್ನೊಂದು ಸೀಸೆಯನ್ನು ಅದರ ಜಾಗದಲ್ಲೇ ಇಟ್ಟು ಬರಬೇಕೆನಿಸಿತು. ಗರಸು ತುಂಬಿದರೂ ಇರಲಿ, ಅಲ್ಲೇ ಮಾಗಲಿ. ಹುಲೆಪ್ಪ ಬೇಡವೇ ಬೇಡ ಎಂದು ಅಳತೊಡಗಿದ. ನಾನೇ ಹಗ್ಗಕ್ಕೆ ದೀಪ ಕಟ್ಟಿದೆ, ನಾನೇ ಬಿಟ್ಟೆ. ಗುಂಡಿಗಳಿಗೆ ಕಾಲಿಟ್ಟು ಇಳಿದು, ಸೀಸೆಯನ್ನು ಹುಲ್ಲಲ್ಲಿ ಮಲಗಿಸಿ, ನೀವು ಒರಗಿದ್ದ ಕಡೆ ಗೋಡೆಗೆ ಒರಗಿ ಕೂತೆ. ಇಷ್ಟು ದಿನ ಬಾಯಿ ತೆರೆದಿದ್ದರೂ ಅಲ್ಲಿ ಹುಳಿ ವಾಸನೆ ಇನ್ನೂ ಇದೆ, ನಾದಿ ಮರೆತ ಹಿಟ್ಟಿನದು. ಅಷ್ಟು ದಟ್ಟ ವಾಸನೆ ಅದು. ನಾನಿದ್ದಿದ್ದರೆ ಹಿತ್ತಲ ಬಾಗಿಲಲ್ಲೇ ಹೇಳುತ್ತಿದ್ದೆ. ತಲೆಯ ಮೇಲೆ ಗೇಣಗಲ ಆಕಾಶ ಕಾಣುತ್ತಿತ್ತು. ದೀಪ ನನ್ನ ಪಕ್ಕದಲ್ಲಿ ಉರಿಯುತ್ತಿತ್ತು. ನಾನು ಏಳುವವರೆಗೂ ಉರಿಯಿತು.

ನೀವಿರುವಲ್ಲಿ ಗಾಳಿ ಧಾರಾಳವಾಗಿರಲಿ. ಬೇವಿನ ಹೂವಿನ ಕಾಲಕ್ಕೆ ನಿಮ್ಮ ಮೂಗು ನಿಮಗೆ ತಿರುಗಿ ಬರಲಿ.

ಅಲ್ಲಿಯವರೆಗೆ ನಿಮ್ಮ ಮೂಗು,
ಗೌರಾ